ಕ್ಯಾಮೆರಾಗೆ ಇಟ್ಟ ಬೊಟ್ಟು

ಕಾರಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ಹೋಗಿ, ಚೆನ್ನೈನ ಶೋಳಿಂಗನಲ್ಲೂರಿನ ಆಫೀಸುಗಳ ಮುಂದೆ ಬಿಸಿಬೇಳೆಬಾತ್ ಮಾರುವವರು ನಾವು. ಹೋದ ತಿಂಗಳು ರಿವರ್ಸ್ ಬರುವಾಗ ಹೂ ಮಾರುವ ಅಮ್ಮನ ಸ್ಟೂಲನ್ನು ಪುಡಿ ಮಾಡಿಬಿಟ್ಟೆ. ಪುಣ್ಯಕ್ಕೆ ಆಕೆ ಟೀ ಕುಡಿಯಲು ಎದ್ದು ಹೋಗಿದ್ದರು. "ಕ್ಯಾಮೆರಾ ಹಾಕಿಸೋವರೆಗೂ ನಾನು ಗಾಡಿ ಹತ್ತಲ್ಲ," ಅಂದಳು ನನ್ನ ಹೆಂಡತಿ.

ಕ್ಯಾಮೆರಾ ಕೊಂಡು ತಿರುವೊಟ್ಟಿಯೂರಿನ ಮೆಕ್ಯಾನಿಕ್ ಸೆಲ್ವಂ ಅಣ್ಣನ ಹತ್ತಿರ ಹೋದೆ. ಕಾರಿನ ಡಿಕ್ಕಿಗೆ ಹಾಕಿ ಅಂದದ್ದಕ್ಕೆ ನಕ್ಕುಬಿಟ್ಟರು. "ಅಲ್ಲಿ ಹಾಕಿದ್ರೆ ಟ್ರೈಲರ್ ಮೂತಿ ಒಂದೇ ಕಾಣ್ಸುತ್ತೆ ಸಾರ್. ಅದನ್ನ ದಿನಾ ನೋಡ್ತೀರಲ್ಲ?"

ಟ್ರೈಲರಿನ ಹಿಂಬದಿಯಲ್ಲೇ, ಎತ್ತರದಲ್ಲಿ, ತುಸು ಕೆಳಕ್ಕೆ ಬಾಗಿಸಿ ಕೂರಿಸಿದರು. ಆಮೇಲೆ ಕರ್ಪೂರ ಹಚ್ಚಿ, ಚಕ್ರಗಳಿಗೆಲ್ಲ ಗಂಧ ಕುಂಕುಮ ಇಟ್ಟರು. ನಾನು ಖುಷಿಯಿಂದ ಒಳಗೆ ಕೂತು ರಿವರ್ಸ್ ಹಾಕಿದೆ. ಪರದೆ ತುಂಬಾ ಬರೀ ಕೆಂಪು!

"ಅಣ್ಣಾ, ಕ್ಯಾಮೆರಾ ಕಣ್ಣಿಗೇ ಬೊಟ್ಟು ಇಟ್ಟಿದ್ದೀರಿ!"

"ಹೊಸ ಸಾಮಾನು ಸಾರ್, ದೃಷ್ಟಿ ಆಗಬಾರದು. ಇವತ್ತೊಂದಿನ ಒರೆಸಬೇಡಿ," ಅಂದವರೇ ಹಿಂದಕ್ಕೆ ಹೋಗಿ ಟ್ರೈಲರನ್ನು ಅಂಗೈಯಿಂದ ಎರಡು ಸಲ ಬಡಿದರು. "ವಾಂಗ, ವಾಂಗ... ಬನ್ನಿ, ಬನ್ನಿ... ಹಾಂ, ಸಾಕು!"

ಅವರ ದನಿ ಕೇಳಿಕೊಂಡೇ ಆ ಇಕ್ಕಟ್ಟು ಓಣಿಯಿಂದ ಹೊರಬಂದೆ.

ಮರುದಿನ ಎಷ್ಟು ಒರೆಸಿದರೂ ಕ್ಯಾಮೆರಾ ಕಣ್ಣಿನ ನಡುವೆ ತೆಳು ಕೆಂಪು ಉಳಿದೇಬಿಟ್ಟಿದೆ. ಈಗ ನಮ್ಮ ಹಿಂದೆ ಯಾರೇ ಬರಲಿ, ಹೂವಿನ ಅಮ್ಮನಾಗಲಿ, ಟ್ರಾಫಿಕ್ ಪೊಲೀಸಾಗಲಿ, ಬೀದಿ ಎಮ್ಮೆಯಾಗಲಿ, ಎಲ್ಲರೂ ಕುಂಕುಮ ಇಟ್ಟುಕೊಂಡೇ ಬರುತ್ತಾರೆ.