ಅಳಿಯನಿಗೆ ಏಡಿ ಸಾರು ಬಡಿಸಿದ ಭಾನುವಾರ

ಕಾರಿನ ಹಿಂದಿನ ಸೀಟಿನಲ್ಲಿ ಕೂತಿದ್ದ ನನ್ನ ತಂಗಿಯ ಗಂಡ ಎರಡೂ ಅಂಗೈಗಳನ್ನು ಪ್ಯಾಂಟಿಗೆ ಉಜ್ಜಿಕೊಳ್ಳುತ್ತಿದ್ದರು. ಕನ್ನಡಿಯಲ್ಲಿ ಕಂಡಿತು.

"ಕೈಗೇನಾಯ್ತು ಪ್ರಕಾಶ್?" ಅಂದೆ.

"ಏನಿಲ್ಲ ಭಾವ, ಸ್ವಲ್ಪ ಕಡಿತ ಅಷ್ಟೇ" ಅಂದರು.

ಹತ್ತು ನಿಮಿಷ ಕಳೆಯುವಷ್ಟರಲ್ಲಿ ಅವರಿಗೆ ಮಾತೇ ಹೊರಡುತ್ತಿರಲಿಲ್ಲ.

ಇದು ನಡೆದದ್ದು ಹೋದ ಭಾನುವಾರ. ಆರು ದಿನವಾಯಿತು. ಊಟಕ್ಕೆ ಕೂತವರ ಮುಖವನ್ನು ನಾನು ಈಗಲೂ ಕದ್ದು ನೋಡುತ್ತೇನೆ. ಯಾರಾದರೂ ಕೆಮ್ಮಿದರೆ ಕೈಯಲ್ಲಿನ ತುತ್ತು ಅಲ್ಲೇ ನಿಲ್ಲುತ್ತದೆ. (ಹೆಂಡತಿ ಮೊನ್ನೆ "ಮೆಣಸಿನಕಾಯಿ ಘಾಟು ಮಾರಾಯ್ರೇ, ಸುಮ್ನೆ ಊಟ ಮಾಡಿ" ಅಂತ ಗದರಿದಳು.) ಈ ವಾರ ಬೇರೆ ಏನೋ ಬರೆಯಬೇಕು ಅಂತಿದ್ದೆ. ಆಗಲಿಲ್ಲ.

ನನ್ನ ತಿಂಡಿಪೋತತನ ಈ ಅಂಕಣ ಓದುವ ನಿಮಗೆ ಹೊಸದಲ್ಲ. ತಂಗಿ ಸುಧಾಳ ಮದುವೆಯಾಗಿ ನಾಲ್ಕು ತಿಂಗಳು. ಗಂಡ ಪ್ರಕಾಶ್ ಮಂಡ್ಯ ಕಡೆಯವರು, ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಮೆತ್ತಗಿನ ಮನುಷ್ಯ. ಮದುವೆಯಾದ ಮೇಲೆ ಮೊದಲ ಸಲ ಎರಡು ದಿನಕ್ಕೆ ನಮ್ಮ ಚಿಕ್ಕಮಗಳೂರಿನ ಮನೆಗೆ ಬಂದಿದ್ದರು. ಹೊಸ ಅಳಿಯನಿಗೆ ನಮ್ಮ ಜಿಲ್ಲೆ ತೋರಿಸುವುದು ಹೇಗೆ? ಬೆಟ್ಟ, ಜಲಪಾತ ಎಲ್ಲರೂ ತೋರಿಸುತ್ತಾರೆ. ನಾನು ತಿನ್ನಿಸಿ ತೋರಿಸುತ್ತೇನೆ ಅಂತ ಹೊರಟೆ.

ಶನಿವಾರ ಸಂಜೆ ಪೇಟೆಯಲ್ಲಿ ಮಸಾಲೆ ದೋಸೆ, ಅದರ ಬೆನ್ನಿಗೇ ತಳ್ಳುಗಾಡಿಯ ಮೆಣಸಿನಕಾಯಿ ಬೋಂಡ, ಮಂಡಕ್ಕಿ. ಭಾನುವಾರ ಬೆಳಿಗ್ಗೆ ಮೂಡಿಗೆರೆ ದಾಟಿ ಕೊಟ್ಟಿಗೆಹಾರದಲ್ಲಿ ನೀರುದೋಸೆ. ಮಧ್ಯಾಹ್ನ ಕಳಸದ ರಸ್ತೆಯಲ್ಲಿರುವ ಸೀತತ್ತೆಯ ಮನೆಯಲ್ಲಿ ಕಡುಬು. ಸಂಜೆ ಕಳಸ. ನನ್ನ ಪ್ಲಾನು ಹೀಗಿತ್ತು. ಸುಧಾ ಹೊರಡುವಾಗಲೇ, "ಅಣ್ಣ, ಅವರೇನು ನಿನ್ನ ಹಾಗೆ ತಿನ್ನೋರಲ್ಲ, ಒತ್ತಾಯ ಮಾಡ್ಬೇಡ" ಅಂದಿದ್ದಳು. ನಾನು ನಕ್ಕು ಗೇರ್ ಹಾಕಿದೆ.

ಕೊಟ್ಟಿಗೆಹಾರದಲ್ಲಿ ಪ್ರಕಾಶ್ ಒಂಬತ್ತು ನೀರುದೋಸೆ ತಿಂದರು. ಹತ್ತನೆಯದನ್ನು ನಾನೇ ಅವರ ತಟ್ಟೆಗೆ ಹಾಕಿದೆ. "ಸಾಕು ಭಾವ" ಅಂದರು, ತಿಂದರು. ನೋಡಿ, ಆಗಲೇ ನನಗೊಂದು ಪಾಠ ಸಿಕ್ಕಿಬಿಟ್ಟಿತ್ತು, ಅದೂ ತಪ್ಪು ಪಾಠ. ಈ ಮನುಷ್ಯ 'ಸಾಕು' ಅನ್ನುವುದು ಸಂಕೋಚಕ್ಕೆ, ಒತ್ತಾಯಿಸಿದರೆ ತಿನ್ನುತ್ತಾರೆ ಅಂತ ನಾನು ತೀರ್ಮಾನಿಸಿಬಿಟ್ಟೆ.

ಸೀತತ್ತೆ ನನ್ನ ಅಪ್ಪನ ತಂಗಿ. ಅರವತ್ತೈದು ದಾಟಿದೆ. ಆಳುಗಳಿಗೂ ನೆಂಟರಿಗೂ ಒಂದೇ ಒಲೆಯಲ್ಲಿ ಬೇಯಿಸಿ ಹಾಕಿ ಪಳಗಿದ ಕೈ. ನಾವು ಬರುತ್ತೇವೆಂದು ಹಿಂದಿನ ದಿನವೇ ಆಳಿನ ಹತ್ತಿರ ಹಳ್ಳದ ಏಡಿ ಹಿಡಿಸಿದ್ದರು. ಮನೆಯೊಳಗೆ ಕಾಲಿಟ್ಟಾಗಲೇ ಘಮ ಬಂತು. ಸುಟ್ಟ ತೆಂಗಿನಕಾಯಿ, ಕಾಳುಮೆಣಸು, ಹುಳಿಗೆ ಹಾಕುವ ಕಾಚಂಪುಳಿ. ನನ್ನ ಬಾಯಲ್ಲಿ ನೀರು.

ಎಲೆಗೆ ಕಡುಬು ಬಿತ್ತು. ಸೀತತ್ತೆ ಸೌಟು ಹಿಡಿದು ಬಂದರು. ಪ್ರಕಾಶ್ ಕೈ ಅಡ್ಡ ಹಿಡಿದರು.

"ಏಡಿ ನಂಗೆ ಆಗಲ್ಲ ಅತ್ತೆ."

ಅಷ್ಟೇ ಹೇಳಿದ್ದು. ಮೂರು ನಾಲ್ಕು ಪದ.

ನನಗೆ ನಗು ಬಂತು. ಬಯಲುಸೀಮೆಯವರಿಗೆ ಏಡಿ ಕಂಡರೆ ಹೆದರಿಕೆ ಅಂತ ತಮಾಷೆ ಮಾಡಿದೆ. ಸೀತತ್ತೆಯ ಮುಖ ಸಣ್ಣದಾಯಿತು. "ಎಂತದು, ನಿಮಗೆ ಅಂತಲೇ ಹಿಡಿಸಿದ್ದು. ಒಂದು ಚೂರು ರುಚಿ ನೋಡಿ, ಎಂತ ಆಗುದಿಲ್ಲ" ಅಂದರು. ಪ್ರಕಾಶ್ ಸುಧಾಳಿಗಾಗಿ ಸುತ್ತ ನೋಡಿದರು. ಸುಧಾ ಅಡುಗೆಮನೆಯಲ್ಲಿ ತುಪ್ಪ ಕಾಯಿಸುತ್ತಿದ್ದಳು, ಇದ್ಯಾವುದೂ ಅವಳಿಗೆ ಕೇಳಿಸಲಿಲ್ಲ.

ಆಗ ನಾನು ಒಂದು ಕೆಲಸ ಮಾಡಿದೆ. ಅತ್ತೆಯ ಕೈಯಿಂದ ಸೌಟು ತೆಗೆದುಕೊಂಡು, ಏಡಿಯ ತುಂಡುಗಳನ್ನೆಲ್ಲ ಬದಿಗೆ ಸರಿಸಿ, ಬರೀ ಸಾರನ್ನು ಪ್ರಕಾಶರ ಕಡುಬಿನ ಮೇಲೆ ಹಾಕಿದೆ. "ನೋಡಿ, ಏಡಿ ಇಲ್ಲ, ಬರೀ ಸಾರು. ಇನ್ನೇನು?" ಅಂದೆ.

ಅವರು ತಿಂದರು. ಮೊದಲ ಸಲ ಬಂದ ಮನೆ, ಹಿರಿಯರು ಎದುರಿಗೆ ನಿಂತಿದ್ದಾರೆ, ಹೆಂಡತಿಯ ಅಣ್ಣ ಕೈಯಾರೆ ಬಡಿಸಿದ್ದಾನೆ. ಯಾವ ಅಳಿಯ ತಾನೇ ಎಲೆ ಬಿಟ್ಟು ಏಳುತ್ತಾನೆ?

ಕಾಫಿ ಕುಡಿದು ಹೊರಟೆವು. ಹದಿನೈದು ನಿಮಿಷ ಆಗಿರಬೇಕು, ಅಂಗೈ ಉಜ್ಜುವುದು ಶುರುವಾಯಿತು. ಆಮೇಲೆ ಕತ್ತು ಕೆರೆದುಕೊಂಡರು. ಆಮೇಲೆ, "ಭಾವ, ಒಂದು ನಿಮಿಷ ನಿಲ್ಸಿ, ಮುಖ ತೊಳ್ಕೊತೀನಿ" ಅಂದರು. ಕಾರು ನಿಲ್ಲಿಸಿದೆ. ರಸ್ತೆ ಬದಿಯಲ್ಲಿ ಸಣ್ಣ ಝರಿ ಇತ್ತು. ಪ್ರಕಾಶ್ ಬಗ್ಗಿ ಮುಖಕ್ಕೆ ನೀರು ಎರಚಿಕೊಂಡು ತಿರುಗಿದರು.

ಸುಧಾ ಚೀರಿದಳು.

ತುಟಿ ಎರಡು ಪಟ್ಟು ಊದಿತ್ತು. ಕಣ್ಣಿನ ರೆಪ್ಪೆ ಉಬ್ಬಿ ಕಣ್ಣೇ ಕಾಣುತ್ತಿರಲಿಲ್ಲ. ಕತ್ತಿನ ತುಂಬ ಕೆಂಪು ದದ್ದು. ಅದು ನನ್ನ ತಂಗಿಯ ಗಂಡನ ಮುಖ ಅಂತ ಹೇಳಲು ಸಾಧ್ಯವೇ ಇರಲಿಲ್ಲ.

"ಗಂಟಲು... ಬಿಗೀತಾ ಇದೆ" ಅಂದರು. ದನಿ ಅವರದಲ್ಲ. ಡಬ್ಬಿಯೊಳಗಿಂದ ಬಂದ ಹಾಗಿತ್ತು.

ಅವರ ಜೇಬಿನಲ್ಲಿ ಹೊಸ ಮೊಬೈಲ್ ಇತ್ತು. ಸುಧಾ ಅದನ್ನು ಕಿತ್ತುಕೊಂಡು ಮೇಲೆತ್ತಿ ಹಿಡಿದು ರಸ್ತೆಯ ಆ ಕಡೆ ಈ ಕಡೆ ಓಡಿದಳು. ಎಲ್ಲಿಯ ಸಿಗ್ನಲ್? ಮೂಡಿಗೆರೆ ದಾಟಿದ ಮೇಲೆ ಅದು ಬರೀ ಗಡಿಯಾರ. ಹಿಂದೆ ಹೋದರೆ ಮೂಡಿಗೆರೆ, ತಿರುವು ರಸ್ತೆ, ಗಂಟೆಗೂ ಮೇಲೆ. ಮುಂದೆ ಹೋದರೆ ಕಳಸ, ಅದೂ ಅರ್ಧ ಗಂಟೆ ಬೇಕು. ಯಾವ ಕಡೆ ಹೋಗಲಿ? ಭಯ ಅಂದರೆ ಎದೆ ಹೊಡೆದುಕೊಳ್ಳುವುದು ಅಂತ ಬರೆಯುತ್ತೇವಲ್ಲ, ಹಾಗಲ್ಲ ಅದು. ನನಗೆ ಹೊಟ್ಟೆಯಿಂದ ಕೆಳಗೆ ಏನೂ ಇಲ್ಲ ಅನ್ನಿಸಿತು. ಕ್ಲಚ್ ತುಳಿದೆನೋ ಇಲ್ಲವೋ ಗೊತ್ತಾಗಲಿಲ್ಲ.

ಮುಂದೆ ಹೋದೆ. ಎರಡು ತಿರುವು ದಾಟಿದ ಮೇಲೆ ಒಂದು ಎಸ್ಟೇಟಿನ ಗೇಟು ಕಂಡಿತು. ಪಕ್ಕದಲ್ಲಿ ಮೇಸ್ತ್ರಿಯೊಬ್ಬರು ಕೊಡೆ ಊರಿಕೊಂಡು ನಿಂತಿದ್ದರು. ಕಾರಿನಿಂದಲೇ ಕೂಗಿದೆ. ಅವರು ಬಗ್ಗಿ ಹಿಂದಿನ ಸೀಟು ನೋಡಿದರು. ಗೇಟು ತೆಗೆದು, ನನ್ನ ಪಕ್ಕ ಹತ್ತಿ ಕೂತರು.

"ಒಳಗೆ ನಮ್ಮ ಡಿಸ್ಪೆನ್ಸರಿ ಉಂಟು. ಭಾನುವಾರ ಬಾಗ್ಲು ಹಾಕಿರ್ತದೆ. ಕಾಂಪೌಂಡರ್ ಕ್ವಾರ್ಟರ್ಸಲ್ಲಿ ಇದ್ರೆ ನಮ್ಮ ಪುಣ್ಯ."

ಇದ್ದರು. ಲಾರೆನ್ಸ್ ಅಂತ ಹೆಸರು, ಕರಾವಳಿ ಕಡೆಯವರು, ಕೂದಲು ಪೂರ್ತಿ ಬಿಳಿ. ಊಟ ಮುಗಿಸಿ ಮಲಗಿದ್ದವರು ಲುಂಗಿಯಲ್ಲೇ ಎದ್ದು ಬಂದರು. ಪ್ರಕಾಶರನ್ನು ಒಮ್ಮೆ ನೋಡಿದರು, ಓಡಿದರು. ಆ ವಯಸ್ಸಿನವರು ಹಾಗೆ ಓಡುವುದನ್ನು ನಾನು ನೋಡಿರಲಿಲ್ಲ. ಅವರು ಓಡಿದ್ದನ್ನು ನೋಡಿ ನನಗೆ ಇನ್ನಷ್ಟು ಹೆದರಿಕೆಯಾಯಿತು.

ಡಿಸ್ಪೆನ್ಸರಿ ಅಂದರೆ ಒಂದು ಕೋಣೆ, ಒಂದು ಬೆಂಚು, ಒಂದು ಗಾಜಿನ ಬೀರು. ಪ್ರಕಾಶರನ್ನು ಬೆಂಚಿನ ಮೇಲೆ ಮಲಗಿಸಿದರೆ ಉಸಿರು ಕಟ್ಟಿತು, ಎಬ್ಬಿಸಿ ಗೋಡೆಗೆ ಒರಗಿಸಿ ಕೂರಿಸಿದೆವು. ಒಂದೊಂದು ಉಸಿರಿಗೂ ಸೀಟಿ ಹೊಡೆದಂಥ ಸದ್ದು. ಉಗುರುಗಳು ನೀಲಿಯಾಗುತ್ತಿದ್ದವು.

"ಎಂತ ತಿಂದದ್ದು?" ಲಾರೆನ್ಸ್ ಕೇಳಿದರು.

"ಏಡಿ ಸಾರು."

"ಮೊದ್ಲೇ ಗೊತ್ತಿತ್ತಾ ಇವರಿಗೆ ಆಗುದಿಲ್ಲ ಅಂತ?"

ಸುಧಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ. "ಗೊತ್ತಿತ್ತು" ಅಂದೆ.

ಲಾರೆನ್ಸ್ ಬೀರುವಿನಿಂದ ಸಣ್ಣ ಗಾಜಿನ ಸೀಸೆಯೊಂದನ್ನು ತೆಗೆದು ಬೆಳಕಿಗೆ ಹಿಡಿದು ಓದಿದರು. "ಇದು ಅಡ್ರಿನಲಿನ್. ಆಳುಗಳಿಗೆ ಕಣಜ ಕಡಿದು ಉಸಿರು ಕಟ್ಟಿದ್ರೆ ಅಂತ ಇಟ್ಟದ್ದು. ಡಾಕ್ಟ್ರು ಹೇಳದೆ ನಾನು ಕೊಡುವ ಹಾಗಿಲ್ಲ. ಹಾರ್ಟಿಗೆ ಪೆಟ್ಟು ಬಿದ್ರೆ ಕಷ್ಟ."

"ಮೊದ್ಲು ಯಾರಿಗಾದ್ರೂ ಕೊಟ್ಟಿದ್ದೀರಾ?" ಅಂದೆ.

"ಒಬ್ಬರಿಗೆ."

"ಅವರು?"

ಲಾರೆನ್ಸ್ ಸಿರಿಂಜಿನ ಕವರು ಹರಿದರು.

ಬೇಡ ಅನ್ನಲೇ? ಕೊಡಿ ಅನ್ನಲೇ? ಒಂದು ಗಂಟೆಯ ಹಿಂದೆ ಆ ಮನುಷ್ಯನ ಎಲೆಗೆ ಏನು ಬೀಳಬೇಕು ಅಂತ ಧೈರ್ಯವಾಗಿ ತೀರ್ಮಾನಿಸಿದ ನನಗೆ ಈಗ ಒಂದು ಪದವೂ ಹೊರಡಲಿಲ್ಲ.

"ಕೊಡಿ" ಅಂದಳು ಸುಧಾ. "ನಾನು ಹೆಂಡ್ತಿ. ನಾನು ಹೇಳ್ತಾ ಇದೀನಿ, ಕೊಡಿ."

ಲಾರೆನ್ಸ್ ಎದೆಯ ಮೇಲೆ ಶಿಲುಬೆಯ ಗುರುತು ಮಾಡಿಕೊಂಡು, ತೊಡೆಗೆ ಚುಚ್ಚಿದರು.

ಎಷ್ಟು ಹೊತ್ತು ಕಾದೆವು? ಐದು ನಿಮಿಷ ಅಂತಾರೆ ಮೇಸ್ತ್ರಿ. ಮೊದಲು ಪ್ರಕಾಶರ ಮೈಯೆಲ್ಲ ಗಡಗಡ ನಡುಗತೊಡಗಿತು. ಮುಗಿಯಿತು ಅಂದುಕೊಂಡೆ. ಲಾರೆನ್ಸ್ ನಾಡಿ ಹಿಡಿದು, ಗೋಡೆ ಗಡಿಯಾರ ನೋಡುತ್ತ, ತುಟಿಯಲ್ಲೇ ಎಣಿಸುತ್ತಿದ್ದರು. ಸುಧಾ ಗಂಡನ ಕಾಲ ಬಳಿ ನೆಲದ ಮೇಲೆ ಕೂತು ಎರಡೂ ಪಾದಗಳನ್ನು ಹಿಡಿದುಕೊಂಡಿದ್ದಳು. ನಾಲ್ಕು ತಿಂಗಳ ಮದುವೆ. ಅವಳ ಕೈಯ ಹಸಿರು ಬಳೆ ನೋಡಲಾಗದೆ ನಾನು ಬಾಗಿಲ ಕಡೆ ತಿರುಗಿದೆ. ಪ್ರಕಾಶರ ತಾಯಿಗೆ ಏನು ಹೇಳಲಿ? ಯಾವ ವಾಕ್ಯದಿಂದ ಶುರು ಮಾಡಲಿ? (ಬರೆಯುವುದೇ ಕಸುಬು ಅಂತ ಓಡಾಡುವವನಿಗೆ ಒಂದು ವಾಕ್ಯ ಹೊಳೆಯಲಿಲ್ಲ.)

ಆಮೇಲೆ ಆ ಸೀಟಿಯಂಥ ಸದ್ದು ಸಣ್ಣದಾಯಿತು.

ನಿಂತಿತೇ? ಉಸಿರೇ ನಿಂತಿತೇ? ತಿರುಗಿ ನೋಡುವ ಧೈರ್ಯ ಬರಲಿಲ್ಲ.

"ಉಸಿರು ಒಳಗೆ ಹೋಗ್ತಾ ಉಂಟು" ಅಂದರು ಲಾರೆನ್ಸ್. "ಆದ್ರೆ ಇದು ಸ್ವಲ್ಪ ಹೊತ್ತಿಗೆ ಮಾತ್ರ. ಮತ್ತೆ ಬಿಗಿಯಬಹುದು. ಭಾನುವಾರ ಕಳಸದಲ್ಲಿ ಡಾಕ್ಟ್ರು ಸಿಕ್ಕುದಿಲ್ಲ, ಮೂಡಿಗೆರೆಗೇ ಹೊರಡುವ."

ಬೇರೆ ಎರಡು ಇಂಜೆಕ್ಷನ್ ಕೊಟ್ಟು, ಎಸ್ಟೇಟಿನ ಬಂಗಲೆಯ ಫೋನಿನಿಂದ ಮೂಡಿಗೆರೆಯಲ್ಲಿ ತಮಗೆ ಪರಿಚಯದ ಡಾಕ್ಟರಿಗೆ ಸುದ್ದಿ ಮುಟ್ಟಿಸಿ, ಉಳಿದಿದ್ದ ಇನ್ನೊಂದು ಅಡ್ರಿನಲಿನ್ ಸೀಸೆಯನ್ನು ಅಂಗಿಯ ಜೇಬಿನಲ್ಲಿ ಹಾಕಿಕೊಂಡು, ಲುಂಗಿಯಲ್ಲೇ ಕಾರು ಹತ್ತಿದರು. ಆ ಒಂದು ಗಂಟೆ ನಾನು ಹೇಗೆ ಓಡಿಸಿದೆನೋ. ಪ್ರತಿ ತಿರುವಿನಲ್ಲೂ, "ಉಸಿರಾಡ್ತಾ ಇದಾರಾ?" ಅಂತ ಕೇಳುತ್ತಿದ್ದೆ. "ರಸ್ತೆ ನೋಡಿ ನೀವು" ಅನ್ನುತ್ತಿದ್ದರು ಲಾರೆನ್ಸ್. ಸೀತತ್ತೆಯ ಮನೆಯ ದಾರಿ ಬಂತು, ಹೋಯಿತು. ಬಾಳೂರು ಕಡೆಯಿಂದ ಬರುತ್ತಿದ್ದ ಲಾರಿಯೊಂದಕ್ಕೆ ಕೂದಲೆಳೆಯಲ್ಲಿ ಗುದ್ದುವುದು ತಪ್ಪಿತು.

ಮೂಡಿಗೆರೆಯ ಡಾಕ್ಟರು ಬಾಗಿಲಲ್ಲೇ ಕಾಯುತ್ತಿದ್ದರು. ಒಳಗೆ ಕರೆದೊಯ್ದರು. ಆಕ್ಸಿಜನ್, ಡ್ರಿಪ್. ಐದು ಗಂಟೆಗೆ ಹೊರಬಂದು ಲಾರೆನ್ಸ್ ಅವರ ಭುಜ ತಟ್ಟಿ, "ನೀವು ಕೊಡದೇ ಇದ್ದಿದ್ರೆ ಇಲ್ಲೀವರೆಗೆ ಬರ್ತಿರ್ಲಿಲ್ಲ" ಅಂದರು. ಲಾರೆನ್ಸ್ ಕಟ್ಟೆಯ ಮೇಲೆ ಕುಸಿದು ಕೂತರು. ಕಣ್ಣೊರೆಸಿಕೊಂಡು ಆಗ ಹೇಳಿದರು: ಮೊದಲು ಕೊಟ್ಟ ಆ ಒಬ್ಬರು, ಕಣಜ ಕಡಿದಿದ್ದ ಹೆಂಗಸು, ಉಳಿದಿರಲಿಲ್ಲ. ಹೊತ್ತು ಮೀರಿ ತಂದಿದ್ದರು. ಅಂದಿನಿಂದ ಆ ಸೀಸೆ ಮುಟ್ಟುವುದಕ್ಕೇ ಅವರಿಗೆ ಹೆದರಿಕೆ.

ಹೆದರಿಕೆಯಿಟ್ಟುಕೊಂಡೇ ಕೊಟ್ಟರಲ್ಲ ಆ ಮನುಷ್ಯ!

ಎಸ್‌ಟಿಡಿ ಬೂತಿನಿಂದ ಪ್ರಕಾಶರ ತಾಯಿಗೆ ಫೋನ್ ಮಾಡಿದೆ. ಎಲ್ಲ ಹೇಳಿದೆ, ಈಗ ಹುಷಾರಾಗಿದ್ದಾರೆ ಅಂತಲೂ ಹೇಳಿದೆ.

"ಎಂಟು ವರ್ಸದವ್ನಿದ್ದಾಗ ಹಿಂಗೇ ಆಗಿತ್ತು ಕಣಪ್ಪಾ. ಸೀಗಡಿ ತಿಂದು. ಏಡಿನೂ ಮುಟ್ಬೇಡಿ ಅಂದಿದ್ರು ಡಾಕ್ಟ್ರು. ಎತ್ಕೊಂಡು ಓಡಿದ್ವಿ. ಅವ್ನು ನಿಮ್ಗೆ ಹೇಳ್ನಿಲ್ವಾ?"

"ಹೇಳಿದ್ರು ಅಮ್ಮ" ಅಂದೆ. "ನಾನು ಕೇಳಲಿಲ್ಲ."

ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನಮ್ಮ ಭಾಷೆಯಲ್ಲಿ 'ಆಗಲ್ಲ' ಅನ್ನುವುದಕ್ಕೆ ಎಷ್ಟು ಅರ್ಥ ನೋಡಿ. ಇಷ್ಟ ಇಲ್ಲ ಅಂತಲೂ ಆಗುತ್ತದೆ, ಸಂಕೋಚ ಅಂತಲೂ ಆಗುತ್ತದೆ, ತಿಂದರೆ ಸಾಯುತ್ತೇನೆ ಅಂತಲೂ ಆಗುತ್ತದೆ. ಯಾವುದು ಅಂತ ಕೇಳಲು ಅರ್ಧ ನಿಮಿಷ ಸಾಕು. ನಾವು ಕೇಳುವುದಿಲ್ಲ. ಬಡಿಸುತ್ತೇವೆ. ಒಲ್ಲೆ ಅಂದವರ ಎಲೆಗೆ ಇನ್ನೊಂದು ಹಾಕುವುದನ್ನೇ ಪ್ರೀತಿ ಅಂತ ಕರೆಯುತ್ತೇವೆ. ಸಕ್ಕರೆ ಕಾಯಿಲೆಯವರಿಗೆ ಹೋಳಿಗೆ, ಕುಡಿತ ಬಿಟ್ಟವನಿಗೆ 'ಒಂದೇ ಪೆಗ್'. ತಿನ್ನದಿದ್ದರೆ ನಮಗೆ ಬೇಜಾರು. ತಿಂದು ಅವರಿಗೆ ಏನಾಯಿತು ಅಂತ ನೋಡಲು ನಾವು ಅಲ್ಲಿರುವುದಿಲ್ಲ. ನಾನು ಮಾತ್ರ ಅವತ್ತು ಅಲ್ಲಿದ್ದೆ, ಕನ್ನಡಿಯಲ್ಲಿ ನೋಡುತ್ತಿದ್ದೆ.

ಮರುದಿನ ಬೆಳಿಗ್ಗೆ ಪ್ರಕಾಶರ ಮುಖದ ಬಾವು ಇಳಿದಿತ್ತು. ನಾನು ಹಾಸಿಗೆಯ ಪಕ್ಕ ಕೂತು ಕ್ಷಮೆ ಕೇಳಬೇಕು ಅಂತ ಬಾಯಿ ತೆರೆದೆ. ಅವರೇ ಮೊದಲು ಮಾತಾಡಿದರು.

"ಸಾರಿ ಭಾವ, ನಿಮ್ಮ ಭಾನುವಾರ ಎಲ್ಲಾ ಹಾಳ್ ಮಾಡ್ಬಿಟ್ಟೆ. ಅತ್ತೆ ಬೇಜಾರು ಮಾಡ್ಕೊಂಡ್ರಾ?"

ನನಗೆ ಅಳು ತಡೆಯಲಾಗಲಿಲ್ಲ. ಸುಧಾ ನನ್ನ ಜೊತೆ ಇನ್ನೂ ಸರಿಯಾಗಿ ಮಾತಾಡುತ್ತಿಲ್ಲ. ಮಾತಾಡಬೇಕಾಗಿಯೂ ಇಲ್ಲ.

ಸೀತತ್ತೆಗೆ ವಿಷಯ ತಿಳಿದದ್ದು ಸೋಮವಾರ. ಎರಡು ದಿನ ಒಲೆ ಹಚ್ಚಲಿಲ್ಲವಂತೆ. ನಿನ್ನೆ ಫೋನ್ ಮಾಡಿದ್ದರು. ದನಿ ಕುಗ್ಗಿತ್ತು. "ಮಾರಾಯ, ಅವರಿಗೆ ಎಂತೆಂತ ಆಗುದಿಲ್ಲ, ಎಲ್ಲಾ ಕೇಳಿ ಬರ್ದು ಕಳಿಸು. ಅಕ್ಕಿರೊಟ್ಟಿ ಆದ್ರೂ ಆಗ್ತದಾ?" ಅಂದರು. ಐವತ್ತು ವರ್ಷದಿಂದ ಊರಿಗೆಲ್ಲ ಬಡಿಸಿದವರು, ಬಡಿಸುವ ಮೊದಲು ಕೇಳಿದ್ದು ಇದೇ ಮೊದಲು.

ನಾಳೆ ಭಾನುವಾರ. ನಿಮ್ಮ ಮನೆಗೆ ಊಟಕ್ಕೆ ಬರುವವರಿಗೆ ಏನು ಆಗಲ್ಲ ಅಂತ ಕೇಳಿದ್ದೀರಾ?