ದೀಪಕ್ಕೆ ಕೈ ಮುಗಿದ ಖಳ

ಸುಮತಿ ಅಕ್ಕ, ನಿಮ್ಮ ಅಪ್ಪನನ್ನು ನಾನು ನೋಡಿದ್ದೇನೆ. ನೋಡಿಯೂ ಇಲ್ಲ ಎಂದೆ.

ಮೂರು ವರ್ಷಗಳ ಹಿಂದಿನ ಮಾತು. ಆಗ ನಿಮ್ಮ ಕಣ್ಣು ಚೆನ್ನಾಗಿತ್ತು. ಮಣಿಪಾಲದ ನನ್ನ ಮನೆಯಲ್ಲಿ, ಇದೇ ಟಿ.ವಿ.ಯಲ್ಲಿ ಅವರು ಕಾಣಿಸಿಕೊಂಡರು. ನೀವು ತೊಟ್ಟಿಲಲ್ಲಿದ್ದಾಗಲೇ ಕಾಪು ಬಿಟ್ಟು ಮುಂಬಯಿಗೆ ಹೋದವರು, ಹೋಟೆಲಿನಲ್ಲಿ ದುಡಿಯುತ್ತ ಸಿನಿಮಾಗಳಲ್ಲಿ ಚಿಲ್ಲರೆ ಪಾತ್ರ ಮಾಡುತ್ತ ಅಲ್ಲೇ ತೀರಿಕೊಂಡವರು. ನಿಮ್ಮಲ್ಲಿ ಉಳಿದದ್ದು ಒಂದು ಗುಂಪು ಫೋಟೋ. ಅದರಲ್ಲಿ ಅವರ ಮುಖ ಹುಣಸೆಬೀಜದಷ್ಟು. ಕಪ್ಪು-ಬಿಳುಪಿನ ಹಿಂದಿ ಸಿನಿಮಾ, ರೌಡಿಯ ಪಾತ್ರ — ಇಷ್ಟೇ ನಿಮ್ಮ ಅಮ್ಮನಿಗೆ ಗೊತ್ತಿದ್ದದ್ದು. ಅಪ್ಪ ಎದ್ದು ನಡೆಯುವುದನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು, ಒಂದೊಂದೇ ಹಳೆಯ ಸಿನಿಮಾ ಹಾಕಿ ಹುಡುಕಲು, ನೀವು ಪ್ರತಿ ಶನಿವಾರ ಬೆಳಿಗ್ಗೆ ಕಾರ್ಕಳದಿಂದ ಬಸ್ಸು ಹತ್ತಿ ಬರುತ್ತಿದ್ದಿರಿ.

ನನಗೆ ಈ ಸಿನಿಮಾಗಳ ಹುಚ್ಚು ಹಿಡಿಸಿದವರೂ ನೀವೇ. ಮೊದಮೊದಲು ನಾನು, ಕೊಲೆಗಾರ ಯಾರು ಎಂದು ಮೊದಲೇ ಊಹಿಸಿ ಹೇಳಿ ಬೀಗುತ್ತಿದ್ದೆ. ನೀವು ಹಿಂದಿ ಟೀಚರಲ್ಲವೇ, ನಿವೃತ್ತಿಯಾದರೂ ಪಾಠ ಬಿಡಲಿಲ್ಲ. “ಅದು ಪತ್ತೇದಾರಿ ಕಥೆ, ಲಿಲ್ಲಿ. ಇದು ನುವಾರ್. ಇದರಲ್ಲಿ ಕಳ್ಳ ಯಾರು ಅಂತ ಹುಡುಕುವುದಕ್ಕೆ ಎಂತ ಉಂಟು? ಒಳ್ಳೆಯ ಮನುಷ್ಯನೇ ತಪ್ಪು ಹೆಜ್ಜೆ ಇಡುತ್ತಾನೆ, ತಪ್ಪು ಅಂತ ಗೊತ್ತಿದ್ದೇ ಇಡುತ್ತಾನೆ. ಮತ್ತೆ ಕಥೆ ಹೇಳುವವನೂ ಅವನೇ ಮಾರಾಯ್ತಿ!” ನುವಾರ್ ಎಂದರೆ ಫ್ರೆಂಚಿನಲ್ಲಿ ಕಪ್ಪು ಎಂದಿರಿ. ಆ ಕಪ್ಪು ಬಣ್ಣದ್ದಲ್ಲ, ಮನಸ್ಸಿನದ್ದು ಎಂದೂ ಹೇಳಿದಿರಿ. ನಾನು ನಕ್ಕಿದ್ದೆ. ಮನಸ್ಸಿಗೆಲ್ಲಿಯ ಬಣ್ಣ ಎಂದು —

ಆದರೆ ನೋಡುತ್ತ ನೋಡುತ್ತ ನನಗೂ ರುಚಿ ಹತ್ತಿತು. ಕಿಟಕಿಯ ಪಟ್ಟಿಗಳ ನೆರಳು ಒಬ್ಬನ ಮುಖದ ಮೇಲೆ ಅಡ್ಡಡ್ಡ ಬಿದ್ದರೆ ಸಾಕು, ಇವನ ಕಥೆ ಮುಗಿಯಿತು ಎಂದು ಇಬ್ಬರೂ ಒಟ್ಟಿಗೆ ಹೇಳುತ್ತಿದ್ದೆವು. ಸಿನಿಮಾ ಮುಗಿದ ಮೇಲೆ ಮನಸ್ಸು ಹಗುರವಾಗಲಿ ಎಂದು ದೂರದರ್ಶನದ ಹಳೆಯ ಧಾರಾವಾಹಿಯ ಒಂದು ಕಂತು, ಚಹಾ, ನಗು. ನನ್ನ ಗಂಡ ತೀರಿಹೋದ ಮೇಲೆ ಈ ಮನೆಯಲ್ಲಿ ನಗು ಕೇಳಿಸಿದ್ದು ಆ ಶನಿವಾರಗಳಲ್ಲೇ. ಇದನ್ನು ನೆವವಾಗಿ ಹೇಳುತ್ತಿಲ್ಲ. ಏನಾಗಿತ್ತೋ ಅದನ್ನು ಹೇಳುತ್ತಿದ್ದೇನೆ.

ಆ ಶನಿವಾರ ಊಟ ಮಾಡುವಾಗ ನೀವೊಂದು ಮಾತು ಹೇಳಿದಿರಿ: “ಅಪ್ಪ ಒಮ್ಮೆ ಸಿಕ್ಕಿದರೆ ಸಾಕು. ಮತ್ತೆ ಈ ಬಸ್ಸಿನ ತಿರುಗಾಟ ನನ್ನಿಂದ ಆಗುವುದಿಲ್ಲ. ಹೆಬ್ರಿಯಲ್ಲಿ ಚಿಕ್ಕಮ್ಮನ ಮಗಳು ಕರೆಯುತ್ತಾ ಇದ್ದಾಳೆ, ಹೋಗಿ ಇದ್ದುಬಿಡುತ್ತೇನೆ.” ಸಹಜವಾಗಿ ಹೇಳಿದಿರಿ, ಮೀನಿನ ಸಾರು ಬಡಿಸಿಕೊಳ್ಳುತ್ತ. ಹಾಗಾದರೆ ಅಪ್ಪ ಸಿಕ್ಕ ದಿನವೇ ನಮ್ಮ ಶನಿವಾರಗಳೂ ಮುಗಿದವು ಎಂದು ನಾನು ಲೆಕ್ಕ ಹಾಕಿದೆ.

ಸಿನಿಮಾ ಅರ್ಧ ದಾಟಿತ್ತು. ಒಲೆಯ ಮೇಲಿನ ಹಾಲು ನೆನಪಾಗಿ ನೀವು ಅಡುಗೆಮನೆಗೆ ಎದ್ದಿರಿ. ತೆರೆಯ ಮೇಲೆ ಕತ್ತಲ ಕೋಣೆ. ಬಾಗಿಲು ತೆರೆದು ನಾಯಕ ಒಳಗೆ ಬಂದು ಸ್ವಿಚ್ ಹಾಕುತ್ತಾನೆ. ಕುರ್ಚಿಯಲ್ಲಿ ಅವನಿಗಾಗಿ ಕಾದು ಕುಳಿತ ರೌಡಿ ಎದ್ದು ಚಾಕು ಎತ್ತಬೇಕು. ಎತ್ತಿದ. ಆದರೆ ಅದಕ್ಕೆ ಮೊದಲು, ಬಲ್ಬ್ ಹತ್ತಿದ ಆ ಕ್ಷಣ, ಅವನ ಬಲಗೈ ತಾನಾಗಿಯೇ ಎದೆ ಮುಟ್ಟಿತು, ತಲೆ ಒಂದಿಷ್ಟು ಬಾಗಿತು. ಕೊಲ್ಲಲು ಬಂದವನು ದೀಪಕ್ಕೆ ನಮಸ್ಕಾರ ಮಾಡಿದ!

ನಿಮ್ಮ ಅಮ್ಮ ಹೇಳುತ್ತಿದ್ದರೆಂದು ನೀವೇ ಎಷ್ಟು ಸಲ ಹೇಳಿರಲಿಲ್ಲ — ಮುಸ್ಸಂಜೆ ದೀಪ ಹಚ್ಚಿದಾಗ ಮನೆಮಂದಿಯೆಲ್ಲ ಕೈ ಮುಗಿಯುತ್ತಿದ್ದರು, ಅಪ್ಪನಿಗೆ ಮಾತ್ರ ಮುಸ್ಸಂಜೆಯೇ ಆಗಬೇಕೆಂದಿರಲಿಲ್ಲ, ಪೇಟೆಯ ಅಂಗಡಿಯಲ್ಲಿ ಬಲ್ಬ್ ಹತ್ತಿದರೂ ಕೈ ಎದೆಗೆ ಹೋಗುತ್ತಿತ್ತು ಎಂದು. ತೆರೆಯ ಮೇಲೆ ಅವರು ಮುಖ ತಿರುಗಿಸಿದರು. ಆ ದವಡೆ ನಿಮ್ಮದೇ. ಎಡಕ್ಕೆ ಸ್ವಲ್ಪ ವಾಲಿದ್ದು, ಗಲ್ಲದಲ್ಲಿ ಕುಳಿ. ಆಸ್ಪತ್ರೆಯ ಎಕ್ಸ್-ರೇ ವಿಭಾಗದಲ್ಲಿ ಇಡೀ ಜೀವಮಾನ ದುಡಿದವಳು ನಾನು. ದವಡೆಯ ವಿಷಯದಲ್ಲಿ ನನ್ನ ಕಣ್ಣು ತಪ್ಪುವುದಿಲ್ಲ.

ಆ ಕೆಲಸ ನನಗೆ ಇನ್ನೊಂದನ್ನೂ ಕಲಿಸಿತ್ತು. ಫಿಲ್ಮಿನಲ್ಲಿ ಏನೇ ಕಂಡರೂ ನಾವು ರೋಗಿಗೆ ಹೇಳುವ ಹಾಗಿಲ್ಲ, ಡಾಕ್ಟರೇ ಹೇಳಬೇಕು. ಗಡ್ಡೆ ಕಂಡರೂ, ಮುರಿದ ಮೂಳೆ ಕಂಡರೂ ಮುಖದಲ್ಲಿ ಒಂದು ಗೆರೆ ಅಲುಗಬಾರದು. ನೀವು ಹಾಲಿನ ಪಾತ್ರೆ ಇಳಿಸಿ, ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದು ಕೇಳಿದಿರಿ: “ಯಾರಾದರೂ ಬಂದರಾ, ಲಿಲ್ಲಿ?”

ನಾನು ಆ ಮುಖ ಹಾಕಿಕೊಂಡೆ.

“ಯಾರೂ ಇಲ್ಲ ಅಕ್ಕ. ಮುಂದೆ ಹೋಯಿತು.”

ಅಷ್ಟೇ. ಆ ಸಿನಿಮಾ ನೋಡಿ ಆಯಿತು ಎಂದು ನೀವು ನಂಬಿದಿರಿ. ಮತ್ತೆ ಅದನ್ನು ಹಾಕಲಿಲ್ಲ. ಮುಂದಿನ ವಾರ ಹೇಳೋಣ ಎಂದುಕೊಂಡೆ. ಮುಂದಿನ ವಾರ ನೀವು ಪತ್ರೊಡೆ ಮಾಡಿ ತಂದಿರಿ. ಅದನ್ನು ತಿನ್ನುತ್ತ ಹೇಗೆ — ಹೀಗೆ ಒಂದು ವಾರ ಇನ್ನೊಂದನ್ನು ನುಂಗಿತು. ಒಬ್ಬಳೇ ಇದ್ದಾಗ ನಾನು ಆ ದೃಶ್ಯ ಹಾಕಿ ನೋಡುತ್ತಿದ್ದೆ. ನಿಮ್ಮ ಅಪ್ಪನ ನಡಿಗೆ ನನಗೆ ಬಾಯಿಪಾಠವಾಯಿತು, ಮಗಳಿಗೆ ಅದು ಗೊತ್ತಿಲ್ಲ. ಇದಕ್ಕಿಂತ ಕೆಟ್ಟ ಕಳ್ಳತನ ಯಾವುದಿದೆ, ನನಗೆ ತಿಳಿಯದು.

ಆಮೇಲೆ ನಿಮ್ಮ ಕಣ್ಣಿನ ನಡುಭಾಗ ಕಪ್ಪಾಗುತ್ತ ಬಂತು. ಬಾಗಿಲಿನ ಅಂಚು ಕಾಣುತ್ತದೆ, ಬಾಗಿಲಲ್ಲಿ ನಿಂತವರ ಮುಖ ಕಾಣುವುದಿಲ್ಲ. ಹೋದದ್ದು ಮರಳುವುದಿಲ್ಲ ಎಂದರು ಡಾಕ್ಟರು. ಹೊರಗೆ ಬಂದು ನೀವು ನನ್ನ ಕೈ ಹಿಡಿದಿರಿ. ಅಳುತ್ತೀರಿ ಎಂದುಕೊಂಡೆ; ಅಳಲಿಲ್ಲ. “ಇನ್ನು ನೀನೇ ನೋಡಿ ಹೇಳು. ನಿನ್ನ ಕಣ್ಣು ನನ್ನದೇ ಅಲ್ವಾ?” ಎಂದಿರಿ. ಆಗಲಾದರೂ ನಾಲಗೆ ಏಳಬೇಕಿತ್ತು. ಏಳಲಿಲ್ಲ.

ಈಗ ಬಸ್ಸು ಹತ್ತುವವಳು ನಾನು. ಮೊನ್ನೆ ಶನಿವಾರ ಕುಕ್ಕುಂದೂರಿನ ನಿಮ್ಮ ಮನೆಯಲ್ಲಿ ಸಿನಿಮಾ ಮುಗಿಯುವಾಗ ಮಬ್ಬು ಕವಿದಿತ್ತು. ನಾನೆದ್ದು ಲೈಟಿನ ಸ್ವಿಚ್ ಹಾಕಿದೆ. ನೀವು ಬಲ್ಬಿನತ್ತ ತಿರುಗಲೂ ಇಲ್ಲ. ಟಕ್ಕೆಂಬ ಶಬ್ದ ಕೇಳಿಸಿತು — ನಿಮ್ಮ ಬಲಗೈ ಎದೆ ಮುಟ್ಟಿತು, ತಲೆ ಒಂದಿಷ್ಟು ಬಾಗಿತು. ಅದೇ. ಅಲ್ಲಿ ನಿಲ್ಲಲಾಗಲಿಲ್ಲ ನನಗೆ. ಬಸ್ಸು ತಪ್ಪುತ್ತದೆ ಎಂದು ಸುಳ್ಳು ಹೇಳಿ ಹೊರಟು ಬಂದೆ.

ಇದನ್ನು ನೀವು ಓದಲಾರಿರಿ. ನಾನೇ ಓದಿ ಹೇಳಬೇಕು. ಬರುವ ಶನಿವಾರ ಆ ಸಿನಿಮಾ ಹಾಕುತ್ತೇನೆ. ನಿಮ್ಮ ಪಕ್ಕದಲ್ಲಲ್ಲ, ಎದುರಿಗೆ ಕೂರುತ್ತೇನೆ. ಕತ್ತಲ ಕೋಣೆ ಬರುತ್ತದೆ, ಸ್ವಿಚ್ಚಿನ ಶಬ್ದ ಕೇಳಿಸುತ್ತದೆ, ನಿಮ್ಮ ಕೈ ತಾನಾಗಿ ಮೇಲೇಳುತ್ತದೆ. ಆಗ ಹೇಳುತ್ತೇನೆ: ನಿಮ್ಮ ಅಪ್ಪನೂ ಈಗ ಹೀಗೆಯೇ ಮಾಡಿದರು, ಅಕ್ಕ.

ನೀವು ಖುಷಿಯಿಂದ ನನ್ನ ಕೈ ಹುಡುಕುತ್ತೀರಿ. ಯಾವಾಗ ಕಂಡರು, ಇವತ್ತೇ ಕಂಡರಾ, ಎಂದು ಕೇಳುತ್ತೀರಿ. ಕೈ ಕೊಡುವ ಮೊದಲು ಉತ್ತರ ಕೊಡುತ್ತೇನೆ: ನಿಮಗೆ ಕಣ್ಣು ಕಾಣುತ್ತಿದ್ದಾಗಲೇ.