ಕೂಲಿ ಎಂದು ಬರೆದ ಮನೆಗಳು

ಜನಗಣತಿಯ ಕೆಲಸಕ್ಕೆ ನನ್ನನ್ನು ಹಾಕಿದ್ದಾರೆಂದು ಬಂಟ್ವಾಳದಿಂದ ಕಾಗದ ಬಂದಾಗ ನನಗೆ ಇಪ್ಪತ್ತೆರಡು ವರ್ಷ. ವಾಮದಪದವಿನಿಂದ ಒಳಗೆ ಒಂದೂವರೆ ಗಂಟೆ ನಡೆದರೆ ಸಿಗುವ ಊರಿನ ಶಾಲೆಗೆ ನಾನೊಬ್ಬಳೇ ಟೀಚರು. ತಂದೆ ಮೂಡಬಿದ್ರೆಯಲ್ಲಿ ಬಟ್ಟೆ ಹೊಲಿಯುತ್ತಿದ್ದರು. ಅವರ ಕಣ್ಣು ಮಂಜಾದ ಮೇಲೆ ಮನೆ ನಿಂತಿದ್ದದ್ದು ನನ್ನ ಸಂಬಳದ ಮೇಲೆ.

ನಾನು ಉಳಿದುಕೊಂಡದ್ದು ಊರಿನ ಗುತ್ತಿನ ಮನೆಯಲ್ಲಿ, ಎಂದರೆ ಊರಿನ ಯಜಮಾನಿಕೆಯ ಮನೆಯಲ್ಲಿ. ಬೈಲಿನ ಹೆಚ್ಚಿನ ಗದ್ದೆಗಳು ಆ ಮನೆಯವು. ಶಾಲೆ ನಿಂತ ಜಾಗವೂ ಅವರದೇ. ಧಣಿಗಳು ಮೆತ್ತಗಿನ ಮಾತಿನವರು. ನನ್ನಿಂದ ಬಾಡಿಗೆ ತೆಗೆದುಕೊಳ್ಳುತ್ತಿರಲಿಲ್ಲ. ಮಗಳ ವಯಸ್ಸಿನವಳಾದರೂ ಒಂದು ದಿನವೂ ಏಕವಚನದಲ್ಲಿ ಕರೆದವರಲ್ಲ. ಹಾಗಾಗಿ ಅವರ ಮಾತಿಗೆ ಇಲ್ಲ ಎನ್ನುವುದು ಹೇಗೆಂದು ನನಗೆ ತಿಳಿದಿರಲಿಲ್ಲ.

ಗಣತಿಯನ್ನು ಅವರ ಚಾವಡಿಯಿಂದಲೇ ಶುರುಮಾಡಿದೆ. ಮನೆಯ ಮುಖ್ಯಸ್ಥರು ಯಾರು ಎಂಬ ಮೊದಲ ಪ್ರಶ್ನೆಗೇ ಧಣಿಗಳು ಒಳಗೆ ನೋಡಿದರು. ಅಳಿಯಸಂತಾನದ ಮನೆ, ಆಸ್ತಿ ಹೆಣ್ಣಿನ ಕಡೆಯಿಂದ ಇಳಿಯುವುದು. ಹಿರಿಯರೆಂದರೆ ಅವರ ಅಕ್ಕ. ಆಕೆ ಹೊಸ್ತಿಲಲ್ಲಿ ಕುಳಿತು ಬಸಳೆ ಬಿಡಿಸುತ್ತಿದ್ದರು. "ಅವನ ಹೆಸರೇ ಬರೆಯಿರಿ ಟೀಚರೇ. ಮನೆ ನನ್ನದು, ಓಡಾಟ ಅವನದು" ಎಂದರು. ಧಣಿಗಳು ನಕ್ಕರು.

ಮತ್ತೆ ನಗಲಿಲ್ಲ. ಹಾಳೆಯಲ್ಲಿ ಇನ್ನೇನು ಕೇಳಿದ್ದಾರೆಂದು ವಿಚಾರಿಸಿದರು. ಸ್ವಂತ ಭೂಮಿಯೋ, ಗೇಣಿಗೆ ಮಾಡುವುದೋ, ಕೂಲಿಯೋ ಎಂದು ಕೇಳುವುದುಂಟು ಎಂದೆ. ಅವರು ಎಲೆಗೆ ಸುಣ್ಣ ಹಚ್ಚಿ, ಮಡಚಿ ಬಾಯಿಗಿಟ್ಟುಕೊಂಡರು.

"ಈ ಬೈಲಿನ ಒಕ್ಕಲುಗಳೆಲ್ಲ ನಮ್ಮ ಆಳುಗಳು. ಕೂಲಿ ಅಂತ ಹಾಕಿದರೆ ಸಾಕು. ಗೇಣಿ ಗೀಣಿ ಅಂತ ಬರೆದು ನಾಳೆ ಸರಕಾರದವರು ಬಂದು ನಿಂತರೆ ನಿಮಗೂ ತೊಂದರೆ, ನಮಗೂ ತೊಂದರೆ."

ಅವರು ಆಳುಗಳಲ್ಲ ಎಂಬುದು ನನಗೆ ಗೊತ್ತಿತ್ತು, ಶಾಲೆಯ ಮಕ್ಕಳಿಗೂ ಗೊತ್ತಿತ್ತು. ಚಾಲಗೇಣಿಗೆ ಗದ್ದೆ ಮಾಡುವವರು ಅವರು. ಕಾಗದವಿಲ್ಲ, ಪತ್ರವಿಲ್ಲ; ಬಾಯಿಮಾತಿನಲ್ಲಿ ವರ್ಷದಿಂದ ವರ್ಷಕ್ಕೆ ನಡೆಯುವ ಒಪ್ಪಂದ. ಕೊಯ್ಲಾದ ಮೇಲೆ ಅಕ್ಕಿಯನ್ನು ಬೈಹುಲ್ಲಿನಲ್ಲಿ ಮುಡಿ ಕಟ್ಟಿ ಗುತ್ತಿನ ಅಂಗಳಕ್ಕೆ ಹೊತ್ತು ತಂದು ಇಳಿಸುತ್ತಿದ್ದರು. ಧಣಿ ಬೇಡವೆಂದ ವರ್ಷ ಗದ್ದೆ ಬಿಟ್ಟು ಏಳಬೇಕು. ಉಳುವವನಿಗೇ ಭೂಮಿ ಸಿಗುವ ಕಾನೂನು ಬರುತ್ತದಂತೆ ಎಂಬ ಸುದ್ದಿ ಆಗಲೇ ಹೋಟೆಲುಗಳಲ್ಲಿ ಹಬ್ಬಿತ್ತು. ಅದಕ್ಕೇ ಧಣಿಗಳ ಹೆದರಿಕೆ. ಕಾನೂನು ಬರುವ ಮೊದಲೇ ಎಬ್ಬಿಸಿಬಿಟ್ಟರೆ ಎಂದು ಒಕ್ಕಲುಗಳ ಹೆದರಿಕೆಯೂ.

"ದಾರಿಯಲ್ಲಿ ನಾಯಿಗಳುಂಟು, ನೀವು ಒಬ್ಬರೇ ಹೋಗುವುದು ಬೇಡ" ಎಂದು ಧಣಿಗಳು ತಮ್ಮ ಅಳಿಯನನ್ನು, ಎಂದರೆ ಅಕ್ಕನ ಮಗನನ್ನು, ನನ್ನ ಜೊತೆ ಕಳಿಸಿದರು. ಮೂವತ್ತು ದಾಟಿದ ಗಟ್ಟಿ ಆಳು. ಅವನು ಯಾರನ್ನೂ ಬೆದರಿಸಲಿಲ್ಲ. ಪ್ರತಿ ಮನೆಯ ಅಂಗಳದಲ್ಲಿ ತೆಂಗಿನ ಬುಡಕ್ಕೆ ಒರಗಿ ನಿಲ್ಲುತ್ತಿದ್ದ, ಅಷ್ಟೇ. ನಾನು ಪ್ರಶ್ನೆ ಕೇಳಿದಾಗ ಮನೆಯವರು ನನ್ನನ್ನು ನೋಡದೆ ಅವನನ್ನು ನೋಡಿ "ಕೂಲಿ" ಎನ್ನುತ್ತಿದ್ದರು. ಬಾಗಿಲ ಮೇಲೆ ಕೆಮ್ಮಣ್ಣಿನಲ್ಲಿ ಗಣತಿಯ ಅಂಕೆ ಬರೆದ ಹನ್ನೊಂದು ಒಕ್ಕಲು ಮನೆಗಳು. ಹನ್ನೊಂದರಲ್ಲೂ ಒಂದೇ ಉತ್ತರ. ಹೇಳಿದ್ದನ್ನು ಬರೆಯುವುದು ನಿಯಮ ಎಂದು ತರಬೇತಿಯಲ್ಲಿ ಹೇಳಿದ್ದರು. ಆ ನಿಯಮದ ಹಿಂದೆ ನಾನು ಅಡಗಿಕೊಂಡೆ.

ನಾಲ್ಕನೆಯ ದಿನ ಮಧ್ಯಾಹ್ನ, ಮಕ್ಕಳು ಊಟಕ್ಕೆ ಹೋದ ಹೊತ್ತಿನಲ್ಲಿ, ಬೈಲಿನ ಕೊನೆಯ ಮನೆಯ ಹೆಂಗಸು ಶಾಲೆಗೆ ಬಂದಳು. ಗಂಡ ಮರದಿಂದ ಬಿದ್ದು ತೀರಿಕೊಂಡು ಆರು ವರ್ಷವಾಗಿತ್ತು. ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಎರಡು ಗದ್ದೆ ತಾನೇ ಮಾಡುತ್ತಿದ್ದಳು. ಒಳಗೆ ಬರಲಿಲ್ಲ. ಮೆಟ್ಟಿಲ ಕೆಳಗೇ ನಿಂತು ತುಳುವಿನಲ್ಲಿ ಕೇಳಿದಳು.

"ಟೀಚರೇ, ನನ್ನ ಮನೆಯದ್ದು ಏನು ಬರೆದಿದ್ದೀರಿ? ಒಮ್ಮೆ ಓದಿ ಹೇಳ್ತೀರಾ?"

ನಾನು ಹಾಳೆ ತೆಗೆದು ಓದಿದೆ. ಭೂಮಿ ಇಲ್ಲ. ಗೇಣಿಗೆ ಇಲ್ಲ. ಕೆಲಸ, ಕೂಲಿ.

"ಇಲ್ಲ ಅಂತ ಬರೆದದ್ದಾ?"

"ನೀವು ಹೇಳಿದ್ದನ್ನೇ ಬರೆದದ್ದು."

"ಹೌದು, ನಾನೇ ಹೇಳಿದ್ದು. ತಪ್ಪು ನಿಮ್ಮದಲ್ಲ." ಸೆರಗಿನಿಂದ ಮುಖ ಒರೆಸಿಕೊಂಡಳು. "ಕೆಳಗಿನ ಗದ್ದೆ ಉಂಟಲ್ಲ, ಅದು ಗದ್ದೆಯೇ ಆಗಿರಲಿಲ್ಲ. ಮುಂಡೇವಿನ ಮುಳ್ಳುಪೊದೆ ಹಬ್ಬಿದ ಕೆಸರು. ನನ್ನ ಮಾವ ಅದನ್ನು ಕಡಿದು, ಮಣ್ಣು ಹೊತ್ತು ಹಾಕಿ, ಹುಣಿ ಕಟ್ಟಿ ಗದ್ದೆ ಮಾಡಿದ್ದು. ಬಾಯಲ್ಲಿ ಕೂಲಿ ಅನ್ನುವಾಗ ಏನೂ ಅನಿಸಲಿಲ್ಲ. ನೀವು ಓದುವಾಗ ಕೇಳಲಿಕ್ಕೆ ಆಗುವುದಿಲ್ಲ. ಈಗ ತಿದ್ದಲಿಕ್ಕೆ ಆಗ್ತದಾ?"

ತಿದ್ದಬಹುದಿತ್ತು. ಪೆನ್ನು ನನ್ನ ಕೈಯಲ್ಲೇ ಇತ್ತು. ಆದರೆ ಸಂಜೆ ಹೋಗಿ ಮಲಗಬೇಕಾದ ಚಾಪೆ ಗುತ್ತಿನ ಮನೆಯದು ಎಂಬುದು ಒಮ್ಮೆಲೇ ನೆನಪಾಯಿತು. "ಕೊನೆಗೆ ಇನ್ನೊಮ್ಮೆ ಎಲ್ಲ ಮನೆಗೆ ಬರಲಿಕ್ಕುಂಟು. ಆಗ ನೋಡುವ" ಎಂದೆ. ಅವಳು ನನ್ನ ಮುಖವನ್ನು ಒಂದು ಗಳಿಗೆ ನೋಡಿ ಹೊರಟುಹೋದಳು. ಆ ವಾರವಿಡೀ ಅರ್ಧ ಊಟಕ್ಕೇ ಏಳುತ್ತಿದ್ದೆ. ಧಣಿಗಳ ಅಕ್ಕ "ಜ್ವರವಾ?" ಎಂದು ಹಣೆ ಮುಟ್ಟಿ ನೋಡಿದರು. ಅವರ ಕೈಯ ಬಿಸಿ ನನಗೆ ಇನ್ನಷ್ಟು ಕಷ್ಟವಾಯಿತು.

ಎರಡನೆಯ ಸುತ್ತಿನ ದಿನ ಯಾರಿಗೂ ಹೇಳದೆ ಬೆಳಿಗ್ಗೆ ಗಂಜಿಗೂ ಮೊದಲೇ ಹೊರಟೆ. ಅವಳ ಮನೆಗೇ ಮೊದಲು ಹೋಗುವುದು, ಅಳಿಯ ಏಳುವುದರೊಳಗೆ ಮುಗಿಸುವುದು ಎಂದು ಲೆಕ್ಕ ಹಾಕಿದ್ದೆ. ಗದ್ದೆಯಂಚಿನ ಹುಣಿಯ ಮೇಲೆ ಬೇಗ ಬೇಗ ನಡೆದು ಅಂಗಳ ಹತ್ತಿದರೆ ಅವನು ಅಲ್ಲಿಯೇ ಜಗಲಿಯ ಮೇಲೆ ಕುಳಿತಿದ್ದ. ಅವಳು ಶಾಲೆಗೆ ಬಂದುಹೋದದ್ದು ಗುತ್ತಿನ ಮನೆಗೆ ತಿಳಿದಿರಬೇಕು.

"ಇಷ್ಟು ಬೇಗ ಬಂದಿರಾ ಟೀಚರೇ?" ಎಂದ. "ಈ ಮನೆಯದ್ದು ಮೊದಲೇ ಬರೆದಾಗಿದೆಯಲ್ಲ. ಹುಟ್ಟಿದವರಿಲ್ಲ, ಸತ್ತವರಿಲ್ಲ. ಮುಂದಿನ ಮನೆಗೆ ಹೋಗುವ."

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ. ಆ ಸುತ್ತು ಮುಖ್ಯವಾಗಿ ಹುಟ್ಟು ಸಾವು ಸೇರಿಸುವುದಕ್ಕೇ ಇದ್ದದ್ದು. ನಾನು ತಿರುಗಿ ನಡೆದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವಳು ಹಟ್ಟಿಯಿಂದ ಹೊರಗೆ ಬಂದಳು, ಮೊಣಕೈವರೆಗೂ ಸೆಗಣಿ. ನನ್ನನ್ನು ನೋಡಿದಳು, ಅವನನ್ನು ನೋಡಿದಳು. ಅವಳ ದೊಡ್ಡ ಮಗಳು ತಂಗಿಯನ್ನು ಒಳಗೆ ಎಳೆದುಕೊಂಡು ಬಾಗಿಲು ಮುಂದೆ ಮಾಡಿದಳು. ಬೇಲಿಯಾಚೆ ನೀರು ಸೇದುತ್ತಿದ್ದ ನೆರೆಮನೆಯವನ ರಾಟೆಯ ಸದ್ದು ನಿಂತಿತು.

ನಾನು ಚೀಲದಿಂದ ಹಾಳೆ ತೆಗೆದೆ. "ಉತ್ತರ ಮನೆಯವರೇ ಹೇಳಬೇಕು" ಎಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ. ಅದಕ್ಕೆ ಇನ್ನೊಮ್ಮೆ ಹೇಳಿದೆ. ಮತ್ತೆ ಅವಳ ಕಡೆಗೆ ತಿರುಗಿ ಕೇಳಿದೆ, "ಈ ಮನೆಯವರು ಗೇಣಿಗೆ ಭೂಮಿ ಮಾಡ್ತಾರಾ?"

ಅವನು ಎದ್ದು ನಿಂತ. "ನೋಡಿ ಹೇಳು" ಎಂದ ಅವಳಿಗೆ, ಮೆಲ್ಲಗೆ.

"ನೋಡಿಯೇ ಹೇಳ್ತೇನೆ" ಎಂದಳು. "ಮಾಡ್ತೇನೆ. ಎರಡು ಗದ್ದೆ. ನನ್ನ ಮಾವನ ಕಾಲದಿಂದ. ಬರೆಯಿರಿ."

ಹಾಳೆಯನ್ನು ಜಗಲಿಯ ಮೇಲಿಟ್ಟು ಮೊದಲಿನದನ್ನು ಗೀಟು ಹಾಕಿ ಹೊಡೆದೆ. ಪಕ್ಕದಲ್ಲಿ ಬರೆದೆ. ಶಾಯಿ ಆರುವವರೆಗೂ ತಲೆ ಎತ್ತಲಿಲ್ಲ.

"ಮಾವನ ಹತ್ತಿರ ನಾನು ಏನು ಹೇಳಲಿ?" ಎಂದು ಅವನು ಕೇಳಿದ. ಕೋಪಕ್ಕಿಂತ ಹೆಚ್ಚು ಗಲಿಬಿಲಿ ಇತ್ತು ಅವನ ದನಿಯಲ್ಲಿ.

"ನಾನು ಹೇಳಿದ್ದನ್ನೇ ಹೇಳಿ. ಬೇರೆ ಸೇರಿಸುವುದು ಬೇಡ" ಎಂದಳು ಅವಳು.

ನೆರೆಮನೆಯವನು ಎಲ್ಲ ಕೇಳಿಸಿಕೊಂಡಿದ್ದ. ನಾನು ಅವನ ಅಂಗಳಕ್ಕೆ ಹೋದಾಗ, ನನಗಿಂತ ಹಿರಿಯವನು, ಕೈಮುಗಿದು, "ನನ್ನದು ಕೂಲಿಯೇ ಇರಲಿ ಟೀಚರೇ, ದಮ್ಮಯ್ಯ" ಎಂದ. ಹಾಗೆಯೇ ಬಿಟ್ಟೆ. ಹನ್ನೊಂದರಲ್ಲಿ ಇನ್ನೊಂದೇ ಮನೆಯವರು ಉತ್ತರ ಬದಲಿಸಿದರು. ಉಳಿದ ಒಂಬತ್ತು ಮೊದಲಿನಂತೆಯೇ.

ಆ ದಿನ ಗುತ್ತಿನ ಮನೆಯಲ್ಲಿ ಎಂದಿನಂತೆ ಊಟ ಬಡಿಸಿದರು. ಧಣಿಗಳು ಚಾವಡಿಯಿಂದ ಎದ್ದು ಬರಲಿಲ್ಲ. ಬೈದಿದ್ದರೆ ಸುಲಭವಾಗುತ್ತಿತ್ತು. ಮೂರನೆಯ ದಿನ ಅವರ ಅಕ್ಕ ನನ್ನ ಕೋಣೆಯ ಬಾಗಿಲಲ್ಲಿ ನಿಂತು, "ಸುಗ್ಗಿಯ ಭತ್ತ ಹಾಕಲಿಕ್ಕೆ ಈ ಕೋಣೆ ಬೇಕಂತೆ" ಎಂದರು. ಆ 'ಅಂತೆ'ಯನ್ನು ಒತ್ತಿಯೇ ಹೇಳಿದರು. ನಾನು ಹೊರಡುವಾಗ ಒಂದು ಶೇರು ಕುಚ್ಚಲಕ್ಕಿಯನ್ನು ನನ್ನ ಚೀಲಕ್ಕೆ ಸುರಿದರು. ಬೇಡ ಎನ್ನುವ ಶಕ್ತಿ ನನಗಿರಲಿಲ್ಲ. ಶಾಲೆಯ ವರ್ಷ ಮುಗಿಯುವವರೆಗೆ ವಾಮದಪದವಿನ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿದ್ದು ದಿನವೂ ನಡೆದೆ.

ಹಾಳೆಗಳನ್ನು ಒಪ್ಪಿಸಲು ಬಂಟ್ವಾಳಕ್ಕೆ ಹೋದಾಗ, ಗೀಟು ಹಾಕಿದ ಎರಡು ಕಡೆ ನಮ್ಮ ಮೇಲ್ವಿಚಾರಕರು ಬೆರಳಿಟ್ಟರು. ಅಂಜಿಕೆಯಿಂದಲೇ ನಡೆದದ್ದನ್ನು ಹೇಳಿದೆ. ಅವರು ಕನ್ನಡಕ ತೆಗೆದು ನನ್ನನ್ನು ನೋಡಿದರು.

"ಇದು ಗುಟ್ಟಿನ ಕಾಗದ. ಯಾವ ಕೋರ್ಟಿನಲ್ಲೂ ಸಾಕ್ಷಿಗೆ ನಿಲ್ಲುವುದಿಲ್ಲ. ಅವಳಿಗೆ ಗದ್ದೆ ಕೊಡಿಸುವುದೂ ಇಲ್ಲ, ಅವರಿಂದ ಕಸಿಯುವುದೂ ಇಲ್ಲ. ನಿಮಗೆ ತರಬೇತಿಯಲ್ಲಿ ಹೇಳಲಿಲ್ಲವಾ?"

ಹೇಳಿರಬಹುದು. ನಾನು ಕೇಳಿಸಿಕೊಂಡಿರಲಿಲ್ಲ. ಬಸ್ಸಿಗೆ ಕಾಯುತ್ತ ಸಿಟ್ಟು ಬಂತು, ಯಾರ ಮೇಲೆಂದು ಗೊತ್ತಾಗಲಿಲ್ಲ. ಯಾವ ಬಲವೂ ಇಲ್ಲದ ಹಾಳೆಗೆ ಇಡೀ ಬೈಲು ಹೆದರಿ ಕುಳಿತಿತ್ತು. ಅದರ ಮುಂದೆ ಅವಳು ತನ್ನ ಅನ್ನವನ್ನೇ ಪಣಕ್ಕಿಟ್ಟಿದ್ದಳು.

ಮಳೆಗಾಲಕ್ಕೆ ಮೊದಲು ನನ್ನನ್ನು ನಾರಾವಿಗೆ ವರ್ಗ ಮಾಡಿದರು. ಅದು ಧಣಿಗಳ ಕೈವಾಡವೋ ಇಲಾಖೆಯ ಮಾಮೂಲೋ ತಿಳಿಯಲಿಲ್ಲ. ಮೂರು ವರ್ಷವಾದ ಮೇಲೆ ಮೂಡಬಿದ್ರೆಯ ಸಂತೆಯಲ್ಲಿ ಅವಳೇ ನನ್ನನ್ನು ಗುರುತು ಹಿಡಿದಳು. ತಲೆಯ ಮೇಲೆ ಸೌತೆಕಾಯಿಯ ಬುಟ್ಟಿ. ನಾನು ಕೇಳಲು ಹಿಂಜರಿದೆ, ಅವಳೇ ಹೇಳಿದಳು.

"ಮೇಲಿನ ಗದ್ದೆ ಮರುವರ್ಷವೇ ಬಿಡಿಸಿದರು. ಬೇರೆಯವರಿಗೆ ಕೊಟ್ಟರು. ಕೆಳಗಿನದ್ದನ್ನು ಉಳಲಿಕ್ಕೆ ಆಳು, ಕೋಣ ಕಳಿಸಿದ ದಿನ ನಾನೂ ಮಕ್ಕಳೂ ಹೋಗಿ ನೀರಿನಲ್ಲಿ ನಿಂತೆವು. ಧಣಿಗಳ ಅಕ್ಕ ಬಂದು ನೋಡಿದರು. ಮತ್ತೆ ಕೋಣಗಳನ್ನು ವಾಪಸು ಹೊಡೆಸಿದರು. ಅದು ಈಗಲೂ ನನ್ನ ಕೈಯಲ್ಲೇ ಉಂಟು."

"ನಾನು ಬರೆದದ್ದರಿಂದ ನಿಮಗೆ ಒಂದು ಗದ್ದೆ ಹೋಯಿತಲ್ಲ" ಎಂದೆ.

"ನೀವು ಬರೆದದ್ದಲ್ಲ, ನಾನು ಹೇಳಿದ್ದು" ಎಂದು ಅವಳು ಬುಟ್ಟಿ ಇಳಿಸಿ ಎರಡು ಸೌತೆಕಾಯಿ ಆರಿಸಿ ನನ್ನ ಕೈಗಿಟ್ಟಳು. ಗಿರಾಕಿಯೊಬ್ಬರು ಬಂದು ಬೆಲೆ ಕೇಳಿದರು. ಅವಳು ಆ ಕಡೆ ತಿರುಗಿದಳು.